ಅವ್ವನ ಅರ್ಧ ನಗು

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸು ಮಸ್ಕಿಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಹುಟ್ಟಿ ಬೆಳೆದ ಊರಾದರೂ ನಾನು ಅಲ್ಲಿ ಇಳಿಯುವುದಿಲ್ಲ. ಇಳಿದು ಹೋಗಿ ಕೂರಲು ಈಗ ಅಲ್ಲಿ ನಮ್ಮ ಮನೆಯೂ ಇಲ್ಲ. ಈ ಸಲ ನಾಗರ ಪಂಚಮಿಯ ಹಿಂದಿನ ದಿನ ಹೊರಟಿದ್ದೆ. ಮಸ್ಕಿಯಲ್ಲಿ ಹತ್ತಿದ ಹೆಂಗಸೊಬ್ಬಳು ನನ್ನ ಪಕ್ಕದಲ್ಲಿ ಕೂತು, ಬಿಳಿ ಬಟ್ಟೆಯ ದೊಡ್ಡ ಗಂಟೊಂದನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಒಳಗೇನಿದೆ ಎಂದು ಬಿಚ್ಚಿ ನೋಡಬೇಕಾಗಿರಲಿಲ್ಲ. ಹುರಿದ ಎಳ್ಳಿನ ವಾಸನೆ ಬಸ್ಸಿನ ಡೀಸೆಲ್ ವಾಸನೆಯನ್ನೂ ಮೀರಿ ಮೂಗಿಗೆ ಬಡಿಯಿತು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ.

"ಮಗಳ ಮನಿಗೇನ್ರಿ?" ಎಂದು ಕೇಳಿದೆ.

"ಹೂಂ ರೀ. ಅಕಿಗೆ ಈ ಸಲ ಬರಾಕ ಆಗಂಗಿಲ್ಲಂತ. ಅದಕ್ಕ ನಾನ ಹೊಂಟೀನಿ," ಎಂದಳು ಆಕೆ, ಗಂಟನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು.

ಬೇರೆ ಯಾರಿಗಾದರೂ ಆ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು. ನನಗೆ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ, ಎಳ್ಳು ಹಚ್ಚಿದ ರೊಟ್ಟಿಯ ವಾಸನೆ ಬಂದರೆ ಇಂದಿಗೂ ನನಗೆ ಮೊದಲು ಆಗುವುದು ಹೊಟ್ಟೆಕಿಚ್ಚು. ಹಸಿವು ಆಗುವುದು ಆಮೇಲೆ.

ಸಿಂಧನೂರಿನಲ್ಲಿ ನನ್ನ ಅಕ್ಕ ಶಾಂತಾಳ ಮನೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಅಲ್ಲಿಯೇ ಇದ್ದಾಳೆ. ನಾನು ಲಿಂಗಸುಗೂರಿನ ಹೈಸ್ಕೂಲೊಂದರಲ್ಲಿ ಪಾಠ ಮಾಡುತ್ತ ಅಲ್ಲಿಯೇ ಇದ್ದೇನೆ. ಪಡಸಾಲೆಗೆ ಕಾಲಿಟ್ಟಾಗ ಅವ್ವ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ನನ್ನನ್ನು ಕಂಡಿದ್ದೇ ಅವಳ ಮುಖದ ಎಡಭಾಗ ಅರಳಿತು. ಬಲಭಾಗ ಲಕ್ವಾ ಹೊಡೆದಂದಿನಿಂದ ನಗುವುದಿಲ್ಲ. ಇರುವ ಅರ್ಧ ನಗುವನ್ನೇ ಅವಳು ಪೂರ್ತಿ ನಗುವಂತೆ ನಗುತ್ತಾಳೆ. ಮಂಚದ ಆಚೆ ಬದಿಯಲ್ಲಿ ಗಂಜಿಯ ಬಟ್ಟಲು ಹಿಡಿದು ನಿಂತಿದ್ದವಳು ಅಕ್ಕನ ಮಗಳು ಐಶು. ಹದಿನಾರರ ಹುಡುಗಿ, ಈಗಷ್ಟೇ ಕಾಲೇಜು ಮೆಟ್ಟಿಲು ಹತ್ತಿದ್ದಾಳೆ. ಅಜ್ಜಿಯನ್ನು ಅವಳು ಆಯಿ ಎಂದು ಕರೆಯುತ್ತಾಳೆ.

"ನೋಡ್ರಿ ಚಿಕ್ಕವ್ವ, ನೀವು ಬಂದ್ರ ಆಯಿ ಹೆಂಗ ನಗ್ತಾಳ," ಎಂದಳು ಐಶು. "ಮುಂಜಾನಿಂದ ನನಗ ಬರೇ ಹುಬ್ಬು ಗಂಟು ಹಾಕ್ಯಾಳ."

ಮಾತು ನಗುತ್ತಲೇ ಬಂತು. ಆದರೆ ಹೇಳುವಾಗ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನನ್ನ ಇಸ್ತ್ರಿ ಸೀರೆ, ಹೆಗಲ ಬ್ಯಾಗು, ಕೈಯಲ್ಲಿದ್ದ ಮೋಸಂಬಿ ಚೀಲ, ಎಲ್ಲವನ್ನೂ. ಆ ನೋಟವನ್ನು ನನಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಒಂದು ಕಾಲಕ್ಕೆ ತಿಂಗಳುಗಟ್ಟಲೆ ಅದು ನನ್ನ ಮುಖದ ಮೇಲೆಯೇ ಇತ್ತು.

ಅವ್ವ ಬಿದ್ದದ್ದು ನಾನು ಪಿಯುಸಿ ಮೊದಲ ವರ್ಷದ ಪರೀಕ್ಷೆ ಬರೆದ ಬೇಸಿಗೆಯಲ್ಲಿ. ನೀರು ಕಾಸಲು ಒಲೆ ಮುಂದೆ ಕೂತವಳು ಹಾಗೆಯೇ ಬಲಕ್ಕೆ ವಾಲಿದಳು. ರಾಯಚೂರಿನ ದವಾಖಾನೆಯಿಂದ ಮನೆಗೆ ಬಂದಾಗ ಬಲಗೈ, ಬಲಗಾಲು, ಮಾತು ಮೂರೂ ಅವಳ ಸ್ವಾಧೀನದಲ್ಲಿ ಇರಲಿಲ್ಲ. ನಮ್ಮ ಮನೆ ಮಸ್ಕಿಯಲ್ಲಿ ಗುಡ್ಡದ ಬದಿಯ ಓಣಿಯಲ್ಲಿತ್ತು. ಅಪ್ಪನ ಕಿರಾಣಿ ಅಂಗಡಿ ಬಸ್‌ಸ್ಟ್ಯಾಂಡಿನ ಹತ್ತಿರ. ಬೆಳಿಗ್ಗೆ ಬಾಗಿಲು ತೆಗೆದರೆ ರಾತ್ರಿಯೇ ಹಾಕುವುದು. ಅಕ್ಕನಿಗೆ ಮದುವೆಯಾಗಿ ಆಗಲೇ ಕೆಲವು ವರ್ಷವಾಗಿತ್ತು. ಕೊಟ್ಟ ಮನೆ ದಢೇಸುಗೂರು, ಕಾಲುವೆ ನೀರಿನ ಗದ್ದೆಯ ಊರು; ಅವರು ಸಿಂಧನೂರಿಗೆ ಬಂದದ್ದು ಎಷ್ಟೋ ವರ್ಷದ ಮೇಲೆ. ಐಶು ಆಗ ಇನ್ನೂ ತೊದಲುವ ಕೂಸು. ಉಳಿದವಳು ನಾನು.

ಯಾರೂ ಕೂತು ನಿರ್ಧಾರ ಮಾಡಲಿಲ್ಲ, ಅದೇ ದೊಡ್ಡ ಮೋಸ. "ಜರಾ ಅವ್ವ ಚೇತರಿಸ್ಕೊಳ್ಳೋತನ ಮನ್ಯಾಗ ಇರು ಗಂಗಿ," ಎಂದ ಅಪ್ಪ. ಅಷ್ಟೇ. ಆ ಜರಾ ಅನ್ನುವ ಸ್ವಲ್ಪ ದಿನ ಬೇಸಿಗೆ ದಾಟಿತು, ಕಾಲೇಜು ಶುರುವಾಯಿತು, ಮುಂಗಾರು ಬಂತು, ಆಚೆ ಪಾಮನಕಲ್ಲೂರಿನ ಹೊಲಗಳಲ್ಲಿ ಸಜ್ಜೆ ಮೊಳಕಾಲೆತ್ತರ ಬೆಳೆಯಿತು. ನಾನು ಮಾತ್ರ ಮನೆಯಲ್ಲೇ ಇದ್ದೆ. ವಾರದಲ್ಲಿ ಎಲ್ಲೋ ಒಂದು ದಿನ ಕಾಲೇಜಿಗೆ ಓಡಿ, ಮಧ್ಯಾಹ್ನದ ಹೊತ್ತಿಗೆ ಓಡಿ ಬರುವುದು. ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನಿಂದ ಹೇಳಿ ಕಳಿಸಿದ್ದರು. ನನಗೆ ಟೀಚರ್ ಆಗಬೇಕಿತ್ತು. ಆ ಒಂದು ಪರೀಕ್ಷೆ ತಪ್ಪಿದರೆ ಮನೆಯವರು ಮುಂದೆ ಓದಿಸುವ ಮಾತೇ ಇಲ್ಲ ಎಂಬುದೂ ನನಗೆ ಚೆನ್ನಾಗಿ ಗೊತ್ತಿತ್ತು.

ಕೆಲಸವೇನೋ ಮಾಡಬಹುದು. ಮೈ ತೊಳೆಸುವುದು, ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಎಣ್ಣೆ ಹಚ್ಚಿ ಕೈ ಮಡಚಿ ಬಿಡಿಸುವುದು, ಒಂದಕ್ಕೆ ಎರಡಕ್ಕೆ ಪಾಟು ಇಡುವುದು ತೆಗೆಯುವುದು, ಬಾಯಿ ಒರೆಸುತ್ತ ಗಂಜಿ ಉಣಿಸುವುದು. ಕೈಗೆ ಇವೆಲ್ಲ ರೂಢಿಯಾಗುತ್ತವೆ. ರೂಢಿಯಾಗದ್ದು ಕಿವಿಗೆ. ಮಾತು ಹೋದ ಅವ್ವನ ಎಡಗೈ ಹತ್ತಿರ ಒಂದು ಸ್ಟೀಲಿನ ತಾಟು, ಒಂದು ಚಮಚೆ ಇಟ್ಟಿದ್ದೆವು. ಏನು ಬೇಕಾದರೂ ಬಡಿಯಬೇಕು. ಆ ಸದ್ದು ಬರದಿದ್ದಾಗಲೂ ನನಗೆ ಕೇಳಿಸುತ್ತಿತ್ತು. ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಳ್ಳುವಾಗ, ಓಣಿಯ ನಳದ ಹತ್ತಿರ ನಿಂತಾಗ, ಕ್ಲಾಸಿನಲ್ಲಿ ಇತಿಹಾಸದ ಸರ್ ರಾಜರ ಹೆಸರು ಹೇಳುವಾಗ ಕೂಡ ಠಣ್ ಎಂದಂತಾಗಿ ಎದೆ ಧಸಕ್ಕೆನ್ನುತ್ತಿತ್ತು. ನಿದ್ದೆ ತೆಳುವಾಯಿತು. ಜಡೆ ಸಣ್ಣಗಾಯಿತು. ಕೆಲವು ದಿನ ಬೆಳಿಗ್ಗೆ ಎದ್ದು ಒಲೆ ಮುಂದೆ ಕೂತು, ಬೆಂಕಿ ಹಚ್ಚಬೇಕು ಅನ್ನುವುದೂ ತೋಚದೆ ಕಡ್ಡಿಪೆಟ್ಟಿಗೆ ಹಿಡಿದುಕೊಂಡು ಕೂತೇ ಇರುತ್ತಿದ್ದೆ. ಅದಕ್ಕೊಂದು ಹೆಸರಿದೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಸೋಮಾರಿತನ ಎಂದುಕೊಂಡು ನನಗೆ ನಾನೇ ಬೈದುಕೊಳ್ಳುತ್ತಿದ್ದೆ.

ಮನೆಗೆ ಬಂದವರೆಲ್ಲ ಕೇಳುವುದು ಒಂದೇ ಮಾತು. "ನಿಮ್ಮವ್ವ ಹೆಂಗದಾಳ?" ಅಂಗಡಿಗೆ ಹೋದರೆ, ಹಿಟ್ಟಿನ ಗಿರಣಿಗೆ ಹೋದರೆ, ಕಾಲೇಜಿನ ಗೇಟಿನಲ್ಲಿ ಕೂಡ ಅದೇ. "ಅರಾಮ ಅದಾಳ್ರಿ," ಎನ್ನುತ್ತಿದ್ದೆ. ಆಮೇಲೆ ಆಮೇಲೆ ಯಾರಾದರೂ ಮುಖ ನೋಡಿದರೆ ಸಾಕು, ಕೇಳುವ ಮೊದಲೇ ಅದು ಬಾಯಿಂದ ಬಂದುಬಿಡುತ್ತಿತ್ತು. ಕೇಳಿದವರು ತಲೆ ಸವರಿ, "ಜಾಣಿ. ಮಗಳಂದ್ರ ಹಿಂಗಿರಬೇಕು," ಎನ್ನುತ್ತಿದ್ದರು. ಆ ಜಾಣಿ ಅನ್ನುವ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆ ಜಾಣಿ ಅಂದರೆ ಮುಗಿಯಿತು, ಆಮೇಲೆ ನಿನಗೆ ಯಾರ ಸಹಾಯವೂ ಬೇಕಾಗಿಲ್ಲ ಎಂದು ಅರ್ಥ.

ಪಕ್ಕದ ಮನೆಯ ಜಯಾ ನನ್ನ ಕ್ಲಾಸಿನವಳು. ಸಂಜೆ ಟ್ಯೂಷನ್ ಮುಗಿಸಿ ಬಂದು ನಮ್ಮ ಕಟ್ಟೆಯ ಮೇಲೆ ಕೂತು ತನ್ನ ಕಷ್ಟ ಹೇಳಿಕೊಳ್ಳುತ್ತಿದ್ದಳು. ಚಪ್ಪಲಿ ಕಿತ್ತಿದೆ, ಸರ್ ಎಲ್ಲರೆದುರು ಬೈದರು, ಅವರ ಅವ್ವ ಹೊಸ ಡ್ರೆಸ್ಸಿಗೆ ಬಣ್ಣ ಸರಿ ಆರಿಸಲಿಲ್ಲ. ಅವಳ ಟ್ಯೂಷನ್ ಕಂಡರೆ ನನಗೆ ಅಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ಉರಿಯುತ್ತಿದ್ದದ್ದು ಅವಳ ಆ ಕಷ್ಟಗಳನ್ನು ಕಂಡು. ಅವ್ವ ಬಣ್ಣ ಸರಿ ಆರಿಸಲಿಲ್ಲ ಎಂದು ಅವ್ವನ ಮೇಲೆ ಸಿಟ್ಟಾಗುವ ಪುಣ್ಯ. ಅಂಥ ಸಣ್ಣ ದುಃಖ ನನಗೂ ಒಂದು ಬೇಕಿತ್ತು.

ಆದರೆ ಜಯಾಳದು ಏನೂ ಅಲ್ಲ. ನನ್ನ ಒಳಗಿನ ಬೆಂಕಿಯೆಲ್ಲ ಅಕ್ಕನಿಗೆ ಮೀಸಲಾಗಿತ್ತು.

ತಿಂಗಳಿಗೊಮ್ಮೆ ಅಕ್ಕ ಬರುತ್ತಿದ್ದಳು. ಕೈಯಲ್ಲಿ ಸಿಂಧನೂರಿನ ಬೇಕರಿಯ ಖಾರಾ ಬಿಸ್ಕೀಟು, ಬಾಳೆಹಣ್ಣು, ಸೊಂಟದ ಮೇಲೆ ಐಶು. ಅವಳ ದನಿ ಬಾಗಿಲಲ್ಲಿ ಕೇಳಿದರೆ ಸಾಕು, ಅವ್ವನ ಮುಖದ ಎಡಭಾಗ ದೀಪ ಹಚ್ಚಿದಂತಾಗುತ್ತಿತ್ತು. ಅಕ್ಕ ಅವ್ವನ ತಲೆ ಬಾಚಿ, ಹೂ ಮುಡಿಸಿ, ಒಂದಿಷ್ಟು ಅತ್ತು, ಸಂಜೆ ಬಸ್ಸಿಗೆ ಹೋಗಿಬಿಡುತ್ತಿದ್ದಳು. ಓಣಿಯವರು ವಾರವೆಲ್ಲ ಆ ಹೂವಿನ ಮಾತು ಆಡುತ್ತಿದ್ದರು. ನಾನು ದಿನಾ ಅದೇ ತಲೆ ಬಾಚುತ್ತಿದ್ದೆ. ನನಗೆ ಸಿಗುತ್ತಿದ್ದದ್ದು ಹುಬ್ಬಿನ ಗಂಟು, ನೀರು ತಣ್ಣಗಿದ್ದರೆ ಒಂದು ಗುರ್ ಎನ್ನುವ ಸದ್ದು, ಗಂಜಿ ಬಿಸಿ ಇದ್ದರೆ ಚಮಚೆ ತಳ್ಳುವ ಕೈ. ಇರುವುದೇ ಅರ್ಧ ನಗು, ಅದೂ ನನ್ನ ಪಾಲಿಗಿಲ್ಲ. ನನ್ನ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಇವಳಿಗೆ ಹಾಕುತ್ತೇನೆ, ಇವಳು ಅದನ್ನು ಕೂಡಿಟ್ಟು ಅಕ್ಕ ಬಂದಾಗ ಖರ್ಚು ಮಾಡುತ್ತಾಳೆ ಎಂದು ಅನಿಸುತ್ತಿತ್ತು.

ಹೀಗಿರುವಾಗ ಶ್ರಾವಣ ಬಂತು. ನಮ್ಮ ಕಡೆ ಪಂಚಮಿಯ ಹಿಂದಿನ ದಿನ ರೊಟ್ಟಿ ಹಬ್ಬ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಗಳನ್ನು ಹಪ್ಪಳದ ಹಾಗೆ ತೆಳ್ಳಗೆ, ಕಟಕ್ ಎಂದು ಮುರಿಯುವಂತೆ ಮಾಡಿ, ಕಾಳುಪಲ್ಯ, ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿಯ ಜೊತೆ ಓಣಿಯ ಮನೆಮನೆಗೂ ಕೊಡಬೇಕು, ಅವರದ್ದನ್ನು ತರಬೇಕು. ಯಾರ ಮನೆಯ ರೊಟ್ಟಿ ಹೇಗಿತ್ತು ಎಂಬ ಮಾತು ದೀಪಾವಳಿಯವರೆಗೂ ನಡೆಯುತ್ತದೆ. ಅವ್ವನ ರೊಟ್ಟಿ ಎಂದರೆ ಓಣಿಯಲ್ಲಿ ಹೆಸರು. ಆ ವರ್ಷ ಅಪ್ಪ, "ಈ ಸಲ ಬ್ಯಾಡ ಬಿಡು. ಯಾರೂ ಏನೂ ಅನ್ನಂಗಿಲ್ಲ," ಎಂದ. ಆ ಮಾತು ಕೇಳಿ ಅವ್ವ ಗೋಡೆ ಕಡೆ ಮುಖ ತಿರುಗಿಸಿದಳು. ಅದನ್ನು ನೋಡಿ ನಾನು ಹಠಕ್ಕೆ ಬಿದ್ದೆ. ಪ್ರೀತಿಯಿಂದ ಅಂತ ಹೇಳಲಾರೆ. ಈ ರೊಟ್ಟಿಗಾದರೂ ಆ ನಗು ನನಗೆ ಸಿಗಲಿ ಎಂಬ ಆಸೆ.

ಅದುವರೆಗೆ ನಾನು ಮಾಡುತ್ತಿದ್ದ ರೊಟ್ಟಿ ಹೊಟ್ಟೆ ತುಂಬಿಸುತ್ತಿತ್ತು, ನೋಡುವಂತಿರಲಿಲ್ಲ. ಬಡಿಯುವ ಕಲ್ಲನ್ನು ಅವ್ವನ ಮಂಚದ ಹತ್ತಿರಕ್ಕೇ ಎಳೆದುಕೊಂಡು ಕೂತೆ. ತೆಳು ರೊಟ್ಟಿ ಬಡಿಯುವುದು ಕಣ್ಣಿನ ಕೆಲಸವಲ್ಲ, ಕಿವಿಯ ಕೆಲಸ. ಹಿಟ್ಟು ದಪ್ಪ ಇರುವಾಗ ಧಪ್ ಧಪ್ ಎನ್ನುತ್ತದೆ. ಹರಡುತ್ತ ಹೋದ ಹಾಗೆ ಸದ್ದು ತೆಳುವಾಗಿ, ಅಂಗೈ ಕಲ್ಲಿಗೇ ತಾಗುತ್ತಿದೆಯೇನೋ ಎನ್ನುವಂತೆ ಪಟ್ ಪಟ್ ಎನ್ನುತ್ತದೆ. ಅಲ್ಲಿ ನಿಲ್ಲಿಸಬೇಕು. ಇನ್ನೊಂದು ಏಟು ಬಿದ್ದರೆ ಹರಿಯಿತು. ಎಲ್ಲಿ ನಿಲ್ಲಿಸಬೇಕೆಂದು ನನಗೆ ತಿಳಿಯುತ್ತಿರಲಿಲ್ಲ. ಹರಿದ ರೊಟ್ಟಿಗಳ ಗುಡ್ಡೆ ನೋಡಿ ಅಳು ಬಂದು, ಹಿಟ್ಟಿನ ಕೈಯಲ್ಲೇ ಮುಖ ಒರೆಸಿಕೊಂಡು ಮತ್ತೆ ಬಡಿಯತೊಡಗಿದೆ. ಆಗ ಠಣ್ ಎಂದಿತು. ಪಾಟು ಬೇಕಾಯಿತೆಂದು ಎದ್ದೆ. ಅವ್ವ ಎಡಗೈಯಲ್ಲಿ ಕೂರು ಎಂದು ಸನ್ನೆ ಮಾಡಿ ಕಲ್ಲಿನ ಮೇಲಿದ್ದ ರೊಟ್ಟಿಯನ್ನು ತೋರಿಸಿದಳು. ಅದು ಹರಿಯದೆ, ಚಂದ್ರನ ಹಾಗೆ ದುಂಡಗೆ, ಅಂಚಿನವರೆಗೂ ಒಂದೇ ತೆಳುವಾಗಿತ್ತು. ಕಣ್ಣು ಮುಚ್ಚಿಕೊಂಡು ಬರೀ ಸದ್ದು ಕೇಳಿ ಎಲ್ಲಿ ನಿಲ್ಲಿಸಬೇಕೆಂದು ಅವಳು ಹೇಳಿದ್ದಳು.

ಆಮೇಲಿನ ದಿನಗಳು ಹಾಗೆಯೇ ನಡೆದವು. ನಾನು ಬಡಿಯುವುದು, ಅವ್ವ ಚಮಚೆ ಬಡಿಯುವುದು. ದಪ್ಪ ಉಳಿದರೆ ಅವಳ ಗುರ್ ಎನ್ನುವ ಸದ್ದು, ಸರಿಯಾದರೆ ಒಂದು ಠಣ್. ಎದೆ ನಡುಗಿಸುತ್ತಿದ್ದ ಸದ್ದಿಗೆ ನಾನು ಕಾಯುವಂತಾಯಿತು. ಕೊನೆಕೊನೆಗೆ ಅವಳ ಚಮಚೆ ಏಳುವ ಮೊದಲೇ ನನ್ನ ಕೈ ನಿಲ್ಲುತ್ತಿತ್ತು. ನಗು ಮಾತ್ರ ಬರಲಿಲ್ಲ. ಕೆಲಸದಲ್ಲಿದ್ದಾಗ ಅವ್ವ ಎಂದೂ ನಗುತ್ತಿರಲಿಲ್ಲ ಎಂಬುದು ನನಗೆ ಆಗ ನೆನಪಾಗಲಿಲ್ಲ.

ರೊಟ್ಟಿ ಹಬ್ಬದ ದಿನ ಬೆಳಿಗ್ಗೆ ಅಪ್ಪ ದಢೇಸುಗೂರಿಗೆ ಹೋಗಿ ಅಕ್ಕನನ್ನು ಕರೆದುಕೊಂಡು ಬಂದ. ತವರಿಗೆ ಬಂದ ಮಗಳು ಎಂದರೆ ಆ ದಿನ ರಾಣಿ. ಹೊಸ ಸೀರೆ, ಕೈತುಂಬ ಹಸಿರು ಬಳೆ. ಅವಳು ಬಂದ ಮೇಲೆಯೇ ನಾನು ಓಣಿಗೆ ರೊಟ್ಟಿ ಹಂಚಿದೆ. ಸ್ವಲ್ಪ ಹೊತ್ತಿಗೆ ಜಯಾಳ ಅಜ್ಜಿ ಬಸಲಿಂಗವ್ವ ತಮ್ಮ ಮನೆಯ ರೊಟ್ಟಿ ಹಿಡಿದುಕೊಂಡು ಬಂದಳು. ಓಣಿಯಲ್ಲಿ ಯಾರ ರೊಟ್ಟಿ ಹೇಗಿದೆ ಎಂದು ತೀರ್ಪು ಕೊಡುವವಳು ಅವಳೇ. ಹಿಂದೆ ಇನ್ನಷ್ಟು ಹೆಂಗಸರು. ಬಂದವಳೇ ಅಕ್ಕನ ಗಲ್ಲ ಹಿಡಿದಳು.

"ಏನವ್ವಾ ಶಾಂತಾ, ನೀ ಬಂದಿ ನೋಡು, ನಿಮ್ಮವ್ವನ ಕೈಯಾನ ರೊಟ್ಟಿ ತಿಂದಂಗಾತು. ಲಗ್ನಾಗಿ ಒಲಿ ಮುಂದ ಕುಂತ ಹೆಣ್ಣಿಗೇ ಕೈ ಕೂಡ್ತೈತಿ. ಈ ಕಾಲೇಜು ಹುಡುಗ್ಯಾರು ಬಡದ್ರ ರೊಟ್ಟಿ ಆಗಂಗಿಲ್ಲ, ದೇಶದ ನಕಾಶಿ ಆಗ್ತೈತಿ."

ಎಲ್ಲರೂ ನಕ್ಕರು. ಅಕ್ಕ ಸೆರಗು ಸರಿಮಾಡಿಕೊಂಡು ತಾನೂ ನಕ್ಕಳು. ಅಷ್ಟೇ. ನಾನಲ್ಲ ಎನ್ನಲಿಲ್ಲ.

"ಅವು ನಾ ಬಡದಿದ್ದು," ಎಂದೆ.

"ಹೌದೇನಬೇ," ಎಂದು ಬಸಲಿಂಗವ್ವ ನನ್ನ ಬೆನ್ನು ತಟ್ಟಿದಳು. "ಅಕ್ಕನ ಮ್ಯಾಲೆ ಹೊಟ್ಟಿಕಿಚ್ಚು ಬ್ಯಾಡ ಯವ್ವಾ. ನಿನಗೂ ಒಂದಿನ ಬರ್ತೈತಿ."

ನನಗೆ ತಲೆ ಕೆಟ್ಟಿತು. ಒಳಗೆ ಹೋಗಿ ಬಡಿಯುವ ಕಲ್ಲು, ಹಿಟ್ಟಿನ ಪರಾತ ಎರಡನ್ನೂ ತಂದು ಪಡಸಾಲೆಯ ನಡುವೆ ಧಡ್ ಎಂದು ಇಟ್ಟೆ. "ಹಂಗಾದ್ರ ಅಕ್ಕ ಒಂದು ಬಡದು ತೋರಸಲಿ," ಎಂದೆ.

ಅಪ್ಪ ಬಾಗಿಲಲ್ಲಿ ಕೆಮ್ಮಿದ. ಅಕ್ಕ ನನ್ನನ್ನು ಒಮ್ಮೆ ನೋಡಿ, ಬಳೆ ಮೇಲಕ್ಕೆ ಸರಿಸಿ, ಕೂತಳು. ದಢೇಸುಗೂರಿನಲ್ಲಿ ಮೂರು ಹೊತ್ತೂ ಅನ್ನ. ಅವಳ ಕೈ ಹಿಟ್ಟು ಮುಟ್ಟದೆ ಎಷ್ಟು ದಿನವಾಗಿತ್ತೋ. ಧಪ್ ಧಪ್ ಎಂದಿತು. ಮತ್ತೆ ಧಪ್ ಧಪ್. ಅಂಚಿನಲ್ಲಿ ಸದ್ದು ತೆಳುವಾಗಲೇ ಇಲ್ಲ, ನಡುವೆ ಮಾತ್ರ ಪಟ್ ಪಟ್ ಎಂದಿತು. ಮಂಚದ ಮೇಲಿಂದ ಅವ್ವ ಚಮಚೆಯನ್ನು ಗಡಿಬಿಡಿಯಿಂದ ಬಡಿಯತೊಡಗಿದಳು, ನಿಲ್ಲು ನಿಲ್ಲು ಎನ್ನುವಂತೆ. ರೊಟ್ಟಿ ನಡುವೆ ಹರಿಯಿತು. ಅಕ್ಕನಿಗೆ ಆ ಚಮಚೆಯ ಅರ್ಥವೂ ತಿಳಿಯಲಿಲ್ಲ. "ಅವ್ವಗ ಏನೋ ಬೇಕಾಗೈತಿ ನೋಡ್ರಿ," ಎಂದು ಎದ್ದಳು.

ಬಸಲಿಂಗವ್ವ ಗಲ್ಲಕ್ಕೆ ಕೈ ಹಚ್ಚಿ ಕಲ್ಲನ್ನೂ ನನ್ನನ್ನೂ ನೋಡಿದಳು. "ಯವ್ವಾ, ಇವೆಲ್ಲಾ ಗಂಗೀನ ಬಡದಾಳ," ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿ, "ಇನ್ನ ನಿನಗೇನು ಚಿಂತಿ ಇಲ್ಲ ಬಿಡಪ್ಪ. ಹುಡುಗಿ ಎಲ್ಲಾ ಕಲ್ತಾಳ. ಬಾಳ ಜಾಣಿ ಅದಾಳ," ಎಂದಳು. ಅಪ್ಪ ತಲೆಯಾಡಿಸಿದ. ಅವನ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ಅವ್ವ ಬಿದ್ದ ಮೇಲೆ ನಾನು ಕಂಡಿರಲಿಲ್ಲ. ಅಕ್ಕನನ್ನು ಸೋಲಿಸಲು ಹೋಗಿ ನನ್ನನ್ನು ನಾನೇ ಆ ಮಂಚದ ಕಾಲಿಗೆ ಕಟ್ಟಿಹಾಕಿಕೊಂಡಿದ್ದೆ.

ಹೆಂಗಸರು ಹೋದ ಮೇಲೆ ಅಕ್ಕ ನನ್ನ ಜೊತೆ ಮಾತು ಬಿಟ್ಟು ಅವ್ವನಿಗೆ ಉಣಿಸಲು ಕೂತಳು. ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ತುತ್ತು ಮಾಡಿ ಬಾಯಿಯ ಹತ್ತಿರ ಒಯ್ದಳು. ಅವ್ವ ಅವಳನ್ನು ನೋಡಿ ನಕ್ಕಳು, ಬಾಯಿ ಮುಚ್ಚಿದಳು. ಮತ್ತೆ ಒಯ್ದಳು. ಅವ್ವ ತುಟಿ ಬಿಗಿಹಿಡಿದು ಅಕ್ಕನ ಹೆಗಲ ಮೇಲಿಂದ ನನ್ನನ್ನು ಹುಡುಕಿದಳು. ಅಕ್ಕ ಬಟ್ಟಲನ್ನು ಕೆಳಗಿಟ್ಟಳು.

"ನಿನಗ ನನ್ನ ಕಂಡ್ರ ಹೊಟ್ಟಿಕಿಚ್ಚು," ಎಂದಳು ನನ್ನ ಕಡೆ ತಿರುಗದೆ. "ನನಗಿಲ್ಲೇನು? ಬಂದಾಗೊಮ್ಮೆ ನಗ್ತಾಳ. ನಗೋದು ಬೀಗರಿಗಿ ಗಂಗಿ. ಸ್ವಂತದವ್ರಿಗಿ ಯಾರು ನಗ್ತಾರ? ನನ್ನ ಕೈಯಾಗ ಒಂದು ತುತ್ತು ಉಣ್ಣಂಗಿಲ್ಲ. ರೊಟ್ಟಿ ನಂದು ಅಂದಾಗ ಅಲ್ಲ ಅನ್ಲಿಲ್ಲ ನಾ. ಯಾಕ ಅನ್ಲಿ? ಈ ಮನ್ಯಾಗ ನಂದು ಅಂತ ಒಂದಾದ್ರೂ ಇರಲಿ ಅನಿಸ್ತು."

ನನಗೆ ಕನಿಕರವೇನೂ ಬರಲಿಲ್ಲ. ಬಂತೆಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಅಷ್ಟೇ. "ಹಂಗಾದ್ರ ನೀ ಇರು, ನಾ ಬಂದು ಹೋಗಿ ಮಾಡ್ತೀನಿ. ಬಾಳೆಹಣ್ಣು ತರ್ತೀನಿ," ಎಂದೆ. "ನಿಮ್ಮವ್ವ ಹೆಂಗದಾಳ ಅಂತ ಊರೆಲ್ಲಾ ಕೇಳ್ತೈತಿ. ನೀನೂ ಅದನ್ನ ಕೇಳ್ತಿ. ನಾ ಹೆಂಗದೀನಿ ಅಂತ ಕೇಳಿಯೇನು ಒಂದಿನಾರ? ಕಾಲೇಜಿನವ್ರು ಪರೀಕ್ಷಾಕ್ಕ ಕುಂದ್ರಸಂಗಿಲ್ಲ ಅಂದಾರ. ನನಗ ನಿದ್ದಿ ಇಲ್ಲ. ಒಂದೊಂದಿನ ನಾ ಸತ್ತಂಗ ಅನಿಸ್ತೈತಿ, ಆದ್ರೂ ರೊಟ್ಟಿ ಬಡೀತೀನಿ."

ಅಷ್ಟು ಮಾತು ನನ್ನೊಳಗೆ ಇತ್ತೆಂದು ನನಗೇ ಗೊತ್ತಿರಲಿಲ್ಲ. ಅಕ್ಕ ಬಟ್ಟಲನ್ನು ನನ್ನ ಕಡೆ ಸರಿಸಿದಳು. ಅಂದು ಅವ್ವನಿಗೆ ನಾನೇ ಉಣಿಸಿದೆ.

ಮರುದಿನ ಪಂಚಮಿ. ನಾಗಪ್ಪನಿಗೆ ಹಾಲೆರೆದು ಬಂದ ಮೇಲೆ ಓಣಿಯ ಹುಡುಗಿಯರೆಲ್ಲ ಬಸಲಿಂಗವ್ವನ ಹಿತ್ತಲಿನ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಗೆ ಓಡಿದರು. ನಾನು ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿದ್ದೆ. ಅಕ್ಕ ಬಂದು ನನ್ನ ಕೈಯಿಂದ ಪಾತ್ರೆ ಕಸಿದುಕೊಂಡಳು.

"ನೀ ಹೋಗು. ತಾಟು ಬಡದ್ರ ನಾ ಕೇಳಸ್ಕೊಂತೀನಿ."

"ನಿನಗ ತಿಳಿಯಂಗಿಲ್ಲ. ಮೆಲ್ಲಕ ಬಡದ್ರ ನೀರು, ಒಂದಸವನ ಬಡದ್ರ ಪಾಟು."

"ತಿಳಕೊಂತೀನಿ. ತಪ್ಪು ಮಾಡಿದ್ರ ಅಕಿನ ತಿದ್ದಲಿ," ಎಂದಳು.

ಜಯಾ ನನ್ನನ್ನು ಹಲಗೆಯ ಮೇಲೆ ನಿಲ್ಲಿಸಿ ಜೀಕಿದಳು. ಮೊದಮೊದಲು ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದೆ. ಆಮೇಲೆ ಮೈ ಹಗುರಾಯಿತು. ಮೇಲೆ ಹೋದಾಗ ಗುಡ್ಡ ಕಾಣುತ್ತಿತ್ತು, ಅದರ ಮೇಲೆ ಮಳೆಮೋಡ, ಕೆಳಗೆ ಬಂದಾಗ ನಮ್ಮ ಮನೆಯ ಕಿಟಕಿ. ಎಷ್ಟು ತಿಂಗಳಾದ ಮೇಲೋ ನಾನು ಬಾಯಿ ತೆರೆದು ನಕ್ಕೆ. ಆಗಲೇ ಆ ಕಿಟಕಿಯಿಂದ ಸದ್ದು ಬಂತು. ಠಣ್ ಠಣ್ ಠಣ್. ಕಾಲು ತಾನಾಗಿ ನೆಲಕ್ಕೆ ಚಾಚಿತು.

"ನಿಮ್ಮಕ್ಕ ಅದಾಳಲ್ಲಬೇ. ಗಟ್ಟಿ ಹಿಡಕೋ," ಎಂದು ಜಯಾ ಇನ್ನಷ್ಟು ಜೋರಾಗಿ ಜೀಕಿದಳು.

ಸದ್ದು ನಡೆದೇ ಇತ್ತು. ಆಮೇಲೆ ನಿಂತಿತು. ನಾನು ಹೋಗದೆ ಆ ಸದ್ದು ನಿಂತದ್ದು ಅದೇ ಮೊದಲು. ಆ ನಿಶ್ಶಬ್ದ ಎಷ್ಟು ಚೆನ್ನಾಗಿತ್ತು ಎಂದು ಹೇಳಲು ನನಗೆ ಬರುವುದಿಲ್ಲ.

ಮನೆಗೆ ಬಂದಾಗ ಪಡಸಾಲೆಯ ಬಾಗಿಲಲ್ಲಿ ನಿಂತುಬಿಟ್ಟೆ. ಅಕ್ಕ ಅವ್ವನಿಗೆ ಉಣಿಸುತ್ತಿದ್ದಳು. ಅವಳ ಹೊಸ ಸೀರೆಯ ಮೇಲೆಲ್ಲ ಹಾಲು ಚೆಲ್ಲಿತ್ತು. ಅವ್ವ ಹುಬ್ಬು ಗಂಟು ಹಾಕಿಕೊಂಡು, ತುತ್ತು ದೊಡ್ಡದಾಯಿತೆಂದು ಗುರ್ ಎನ್ನುತ್ತ, ಅಕ್ಕನ ಕೈಯನ್ನು ಅತ್ತ ಇತ್ತ ತಳ್ಳುತ್ತ, ಬಾಯಿ ತೆರೆಯುತ್ತಿದ್ದಳು. ನನ್ನನ್ನು ಕಂಡಳು. ಕಂಡು ನಕ್ಕಳು. ಇಷ್ಟು ತಿಂಗಳು ಯಾವುದಕ್ಕೆ ಕಾದಿದ್ದೆನೋ ಆ ಅರ್ಧ ನಗು ಕಡೆಗೂ ನನಗೆ ಸಿಕ್ಕಿತು. ಸಿಕ್ಕಾಗ ನನಗೆ ಬೇಕಾಗಿದ್ದದ್ದು ಆ ಹುಬ್ಬಿನ ಗಂಟು. ಅದು ನನ್ನದಾಗಿತ್ತು, ಅದನ್ನು ಅಕ್ಕನಿಗೆ ಕೊಟ್ಟುಬಿಟ್ಟಿದ್ದಳು. ಜೋಕಾಲಿಯಿಂದ ಹಗುರಾಗಿ ಬಂದವಳ ಹೊಟ್ಟೆಯಲ್ಲಿ ಮತ್ತೆ ಬೆಂಕಿ ಬಿತ್ತು. ಬಿಡುವು ಬೇಕೆಂದು ಬಾಯಿ ಬಿಟ್ಟವಳೂ ನಾನೇ, ಸಿಕ್ಕಾಗ ಉರಿದವಳೂ ನಾನೇ. ಎರಡೂ ನಿಜ.

ಅಕ್ಕ ಆ ಸಂಜೆ ಬಸ್ಸಿಗೆ ಹೋಗಲಿಲ್ಲ. ಅಪ್ಪನ ಮುಂದೆ ನಿಂತು, "ಗಂಗಿ ನಾಳಿಂದ ಕಾಲೇಜಿಗೆ ಹೋಗ್ಲಿ. ನಾ ಇಲ್ಲೇ ಇರ್ತೀನಿ," ಎಂದಳು. "ನಿಮ್ಮ ಮನ್ಯಾಗ ಏನಂತಾರ?" ಎಂದು ಅಪ್ಪ ಕೇಳಿದರೆ, "ಏನಾರ ಅನ್ಲಿ," ಎಂದಳು. ಅಂದರು ಕೂಡ. ಆದರೂ ಭತ್ತದ ಕೊಯ್ಲು ಶುರುವಾಗುವವರೆಗೆ ಇದ್ದಳು. ಆಮೇಲೆ ಅಪ್ಪ ಪಾಮನಕಲ್ಲೂರಿನಿಂದ ತನ್ನ ಅಕ್ಕನನ್ನು ಕರೆತಂದ, ಅಂಗಡಿಯನ್ನೂ ಸಂಜೆ ಬೇಗ ಮುಚ್ಚತೊಡಗಿದ. ಮೊದಲೇ ಹೀಗೆ ಮಾಡಬಹುದಿತ್ತಲ್ಲ ಎಂದರೆ, ಯಾರೂ ಕೇಳಿರಲಿಲ್ಲ, ಯಾರಿಗೂ ಹೊಳೆದಿರಲಿಲ್ಲ. ನಾನು ಪರೀಕ್ಷೆ ಬರೆದೆ, ಪಾಸಾದೆ. ಇಂದಿಗೂ ಶಾಲೆಯ ಬಿಸಿಯೂಟದ ಹೊತ್ತಿನಲ್ಲಿ ಯಾವುದಾದರೂ ಮಗು ತಾಟು ಬಡಿದರೆ ಕೂತಲ್ಲಿಂದ ಅರ್ಧ ಏಳುತ್ತೇನೆ. ನನ್ನ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ನಿದ್ದೆ ಹೋಗುವ ಹುಡುಗಿಯರನ್ನು ಎಬ್ಬಿಸುವುದಿಲ್ಲ.

ಈ ಸಲ ಸಿಂಧನೂರಿನಲ್ಲಿ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಈಗ ಅವಳು ಬ್ಲೌಸ್ ಹೊಲಿಯುತ್ತಾಳೆ, ಹಬ್ಬದ ಹೊತ್ತಿಗೆ ತಲೆ ಎತ್ತಲೂ ಪುರುಸೊತ್ತಿಲ್ಲ. "ಐಶು ಇರೋದಕ್ಕ ನನಗ ಯಾತರ ಚಿಂತೀನೂ ಇಲ್ಲ ಗಂಗಿ," ಎಂದಳು. "ಎಲ್ಲಾ ಅಕಿನ ನೋಡ್ಕೊಂತಾಳ. ಬಾಳ ಜಾಣಿ."

"ನನಗೂ ಹಂಗ ಅಂತಿದ್ರು," ಎಂದೆ.

ಯಂತ್ರದ ಗಾಲಿ ನಿಂತಿತು. ನಾನು ಹಿತ್ತಲಿಗೆ ಹೋದೆ.

ಅಲ್ಲಿ ಪೇರಲ ಗಿಡಕ್ಕೆ ಒಂದು ಜೋಕಾಲಿ ಕಟ್ಟಿದ್ದರು. ಐಶು ಅದರ ಮೇಲೆ ಕೂತಿದ್ದಳು, ಜೀಕುತ್ತಿರಲಿಲ್ಲ. ಒಂದು ಕಾಲು ನೆಲದ ಮೇಲಿತ್ತು, ಮುಖ ಪಡಸಾಲೆಯ ಕಡೆ.

"ನೀ ಹೆಂಗದಿ ಐಶು?" ಎಂದು ಕೇಳಿದೆ.

"ಅರಾಮ ಅದಾಳ್ರಿ ಚಿಕ್ಕವ್ವ. ಮುಂಜಾನಿ ಗುಳಿಗಿ ತಗೊಂಡಾಳ," ಎಂದಳು.

ಅವಳ ಪಕ್ಕ ನಿಂತು ಹಗ್ಗ ಹಿಡಿದುಕೊಂಡು, "ಆಯಿ ಅಲ್ಲ. ನೀ ಹೆಂಗದಿ ಅಂದೆ," ಎಂದು ಮತ್ತೆ ಕೇಳಿದೆ.

ಅವಳು ನನ್ನ ಮುಖ ನೋಡಿದಳು. ಕೆಳಗೆ ನೋಡಿದಳು. ಉಗುರಿನಿಂದ ಹಗ್ಗದ ನಾರು ಕೀಳುತ್ತ ಹೇಳಿದಳು, "ಸಿಟ್ಟಾಗಬ್ಯಾಡ್ರಿ. ನಿಮ್ಮನ್ನ ಕಂಡ್ರ ನನಗ ಹೊಟ್ಟಿ ಉರೀತೈತಿ. ಹಣ್ಣು ತರ್ತೀರಿ, ನಗಸ್ತೀರಿ, ಹೋಗ್ತೀರಿ."

"ನಿನ್ನ ಕಂಡ್ರ ನನಗೂ ಉರೀತೈತಿ," ಎಂದೆ. "ನಿನ್ನ ಕೈಯಾಗ ಉಣ್ತಾಳ."

ಅವಳಿಗೆ ನಗು ಬಂತು, ನಗುವಿನ ಜೊತೆಯಲ್ಲೇ ಅಳುವೂ ಬಂತು. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಒಳಗಿನಿಂದ ತಾಟಿನ ಸದ್ದು ಬಂತು. ಇಬ್ಬರೂ ಒಟ್ಟಿಗೇ ಹೊರಟೆವು. ನಾನು ಅವಳ ಹೆಗಲು ಹಿಡಿದು ಹಲಗೆಯ ಮೇಲೆ ವಾಪಸು ಕೂರಿಸಿ, ಬೆನ್ನಿಗೆ ಕೈ ಕೊಟ್ಟು ಜೋರಾಗಿ ಒಮ್ಮೆ ನೂಕಿ, ಒಳಗೆ ಹೋದೆ.

ಅವ್ವನಿಗೆ ಹಸಿವಾಗಿತ್ತು. ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ತುತ್ತು ಮಾಡಿ ಬಾಯಿಗೆ ಹಿಡಿದೆ. ಅವಳು ನನ್ನನ್ನು ನೋಡಿ ಚೆನ್ನಾಗಿ ನಕ್ಕಳು, ಆಮೇಲೆ ಬಾಯಿ ಮುಚ್ಚಿ ನನ್ನ ಹೆಗಲ ಮೇಲಿಂದ ಬಾಗಿಲ ಕಡೆ ನೋಡಿದಳು. ಹಿತ್ತಲಿನಿಂದ ಹಗ್ಗ ಕಿರ್ ಕಿರ್ ಎನ್ನುವುದು ಕೇಳುತ್ತಿತ್ತು, ಮೊದಲು ನಿಧಾನ, ಆಮೇಲೆ ಜೋರು. ನಾನು ತುತ್ತು ಹಿಡಿದುಕೊಂಡು ಕೂತೆ. ಐಶುವನ್ನು ಕರೆಯಲಿಲ್ಲ.